ಕಲ್ಚರ್ ರಿಪೋರ್ಟ್ ತುಂಬಾ ‘ಆರ್’: ಆಸ್ಪತ್ರೆ ಮೆಟ್ಟಿಲೇ ಹತ್ತದವರಿಗೆ ಇಂಥ ರೋಗಾಣು ಎಲ್ಲಿಂದ ಬಂತು?

ಕೆರೆಕೋಡಿ (ಮಾಲೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಉರಿಮೂತ್ರ ಶುರುವಾಯಿತು, ಹಿಂದೆಯೇ ಚಳಿಜ್ವರ. ಊರಿನ ಕ್ಲಿನಿಕ್‌ನಲ್ಲಿ ಒಂದು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೂ ಜಗ್ಗಲಿಲ್ಲ. ಕೋಲಾರಕ್ಕೆ ಕರೆದುಕೊಂಡು ಹೋಗಿ ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಮಾಡಿಸಿದೆವು.

ರಿಪೋರ್ಟ್‌ನಲ್ಲಿ ‘ಇ. ಕೋಲೈ, ಇಎಸ್‌ಬಿಎಲ್’ ಅಂತ ಇದೆ. ಕೆಳಗೆ ಔಷಧಿಗಳ ಉದ್ದ ಪಟ್ಟಿ. ಸಿಪ್ರೊಫ್ಲಾಕ್ಸಾಸಿನ್ ಮುಂದೆ ಆರ್, ಅಂದರೆ ಆ ಔಷಧಿಗೆ ರೋಗಾಣು ಬಗ್ಗುವುದಿಲ್ಲ. ಸೆಫಿಕ್ಸಿಮ್ ಆರ್. ಸೆಫ್ಟ್ರಿಯಾಕ್ಸೋನ್ ಆರ್. ಹೀಗೇ ಇಳಿಯುತ್ತಾ ಹೋಗಿ ನೈಟ್ರೊಫ್ಯುರಾಂಟಾಯಿನ್, ಫಾಸ್ಫೊಮೈಸಿನ್, ಅಮಿಕಾಸಿನ್, ಮೆರೊಪೆನೆಮ್ ಈ ನಾಲ್ಕರ ಮುಂದೆ ಮಾತ್ರ ಎಸ್, ಅಂದರೆ ಕೆಲಸ ಮಾಡುತ್ತದೆ. ಅಡ್ಮಿಟ್ ಮಾಡಿ, ಸೂಜಿಯಲ್ಲೇ ಔಷಧಿ ಹೋಗಬೇಕು ಅಂದರು. ಈಗ ಅದೇ ನಡೆಯುತ್ತಿದೆ, ಜ್ವರ ಇಳಿದಿದೆ.

ನನ್ನ ಪ್ರಶ್ನೆ ಬೇರೆ. ಇವು ಆಸ್ಪತ್ರೆಯಲ್ಲಿ ಹುಟ್ಟುವ ರೋಗಾಣು ಅಂತ ಟಿವಿಯಲ್ಲಿ ಹೇಳುತ್ತಾರೆ. ನಮ್ಮ ಅತ್ತೆ ಇದುವರೆಗೆ ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿದವರಲ್ಲ. ಹೆರಿಗೆಗಳೂ ಮನೆಯಲ್ಲೇ ಆದವು. ಹಾಗಾದರೆ ಇದು ಎಲ್ಲಿಂದ ಬಂತು? ಲ್ಯಾಬ್‌ನವರು ಎಡವಟ್ಟು ಮಾಡಿದ್ದಾರೆ ಅನ್ನುತ್ತಾನೆ ನನ್ನ ಬಾಮೈದ. ಮೈಯೇ ಮಾತ್ರೆಗೆ ಒಗ್ಗಿಹೋಗಿದೆ ಅನ್ನುತ್ತಾರೆ ಪಕ್ಕದ ಮನೆಯವರು.

ಲ್ಯಾಬ್ ಅಕ್ಕ

ರಿಪೋರ್ಟ್ ಮೇಲೆ ಅನುಮಾನ ಬೇಡ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ಇಂಥ ರಿಪೋರ್ಟ್ ನೋಡಿ ನಮಗೆ ಈಗ ಆಶ್ಚರ್ಯವೇ ಆಗುವುದಿಲ್ಲ.

ಏನು ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ, ಬಾಮೈದನಿಗೂ ತೋರಿಸಿ. ಒಂದು ಸಣ್ಣ ತಂತಿಯ ಕುಣಿಕೆಯನ್ನು ಮೂತ್ರದಲ್ಲಿ ಅದ್ದಿ, ರೋಗಾಣು ಬೆಳೆಸುವ ಅಗಾರ್ ತಟ್ಟೆಯ ಮೇಲೆ ಗೆರೆ ಎಳೆಯುತ್ತೇವೆ. 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಮ್ಯಾಕಾಂಕಿ ಅನ್ನುವ ತಟ್ಟೆಯಾದರೆ ಇ. ಕೋಲೈ ಬೆಳಿಗ್ಗೆಗೆ ಗುಲಾಬಿ ಚುಕ್ಕೆಗಳಾಗಿ ಎದ್ದಿರುತ್ತದೆ. ಆ ಚುಕ್ಕೆಯನ್ನು ತೆಗೆದು ಇನ್ನೊಂದು ತಟ್ಟೆಗೆ ಪೂರ್ತಿ ಬಳಿಯುತ್ತೇವೆ. ಅದರ ಮೇಲೆ ಒಂದೊಂದು ಔಷಧಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಮತ್ತೆ ಒಂದು ರಾತ್ರಿ ಬಿಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ಬಳೆ ಬಿಡುತ್ತದೆ. ಅದನ್ನು ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲಿ ಅಳೆಯುತ್ತೇವೆ. ಬಳೆ ಸಾಕಷ್ಟು ದೊಡ್ಡದಿದ್ದರೆ ಎಸ್. ರೋಗಾಣು ಬಿಲ್ಲೆಯ ಅಂಚಿನವರೆಗೂ ಬಂದು ಬೆಳೆದಿದ್ದರೆ ಆರ್. ಕೆಲವು ಲ್ಯಾಬ್‌ಗಳಲ್ಲಿ ಮೆಷಿನ್ ಇದೆ, ಲೆಕ್ಕ ಮಾತ್ರ ಇದೇ. ಅದಕ್ಕೇ ಎರಡು ಮೂರು ದಿನ ಬೇಕು. ಸಂಜೆಗೇ ರಿಪೋರ್ಟ್ ಕೊಡಿ ಅಂತ ಜಗಳ ಆಡಿದರೂ ರೋಗಾಣು ಬೇಗ ಬೆಳೆಯುವುದಿಲ್ಲ.

ಮೈ ಒಗ್ಗುವುದಿಲ್ಲ. ಬದಲಾಗುವುದು ರೋಗಾಣು. ಇಎಸ್‌ಬಿಎಲ್ ಅಂದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ತರಹದ ಔಷಧಿಗಳನ್ನು ಕತ್ತರಿಸಿ ಹಾಕುವ ಒಂದು ಕಿಣ್ವ. ಅದನ್ನು ತಯಾರಿಸುವ ಜೀನ್ ಇರುವುದು ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್ಎ ಉಂಗುರದಲ್ಲಿ. ಪಕ್ಕದ ಹೊಲದವರಿಗೆ ಬಿತ್ತನೆ ಬೀಜ ಕೊಟ್ಟ ಹಾಗೆ ಒಂದು ಬ್ಯಾಕ್ಟೀರಿಯಾ ಇದನ್ನು ಇನ್ನೊಂದಕ್ಕೆ ಕೊಡುತ್ತದೆ. ಜಾತಿ ಬೇರೆಯಾದರೂ ಕೊಡುತ್ತದೆ.

ಇನ್ನು ನಿಮ್ಮ ಅಸಲಿ ಪ್ರಶ್ನೆ. ಹೆಂಗಸರಿಗೆ ಉರಿಮೂತ್ರ ತರುವ ಇ. ಕೋಲೈ ಹೆಚ್ಚಾಗಿ ಅವರದೇ ಕರುಳಿನದು. ನಮ್ಮ ದೇಶದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಎಷ್ಟೋ ಜನರ ಕರುಳಿನಲ್ಲೂ ಇಎಸ್‌ಬಿಎಲ್ ಇರುವ ಇ. ಕೋಲೈ ಇದೆ. ಊಟ, ನೀರು, ಕೈ, ಕೊಟ್ಟಿಗೆ, ಯಾವ ದಾರಿಯಲ್ಲಾದರೂ ಬರಬಹುದು. ಇದ್ದರೆ ತೊಂದರೆ ಕೊಡುವುದಿಲ್ಲ, ಸುಮ್ನೆ ಇರುತ್ತದೆ. ಯಾವುದೋ ಜ್ವರಕ್ಕೆ ಒಂದು ಕೋರ್ಸ್ ಮಾತ್ರೆ ನುಂಗಿದಾಗ ಉಳಿದವು ಸತ್ತು ಇವಕ್ಕೆ ಜಾಗ ಸಿಗುತ್ತದೆ.

ನೈಟ್ರೊಫ್ಯುರಾಂಟಾಯಿನ್ ಎಸ್ ಇದ್ದರೂ ಸೂಜಿ ಯಾಕೆ ಅಂತ ಕೇಳುವ ಮೊದಲೇ ಹೇಳುತ್ತೇನೆ. ಆ ಮಾತ್ರೆ ಮೂತ್ರಕೋಶದಲ್ಲಿ ಕೆಲಸ ಮಾಡುತ್ತದೆ, ಕಿಡ್ನಿಯವರೆಗೆ ಏರಿದ ಸೋಂಕಿಗೆ ಸಾಲುವುದಿಲ್ಲ. ಚಳಿಜ್ವರ ಇದ್ದದ್ದರಿಂದ ಡಾಕ್ಟರ್ ಸೂಜಿಗೆ ಹೋಗಿರಬೇಕು.

ಮಂಡಿ ರಸ್ತೆ

ಅಕ್ಕ ಚೆನ್ನಾಗಿ ಹೇಳಿದಿರಿ. ಆದರೆ ಮೂಲ ಎಲ್ಲಿದೆ ಅಂತ ಹೇಳಲಿಲ್ಲ. ಹಳ್ಳಿ ಕಡೆ ಕ್ಲಿನಿಕ್‌ಗೆ ಹೋದರೆ ಬಾಗಿಲಲ್ಲೇ ಸೂಜಿ. ಏನು ಸೂಜಿ ಅಂತ ಕೇಳಿದರೆ ‘ಪವರ್‌ದು’ ಅನ್ನುತ್ತಾರೆ. ಚೀಟಿಯೂ ಇಲ್ಲ, ಹೆಸರೂ ಇಲ್ಲ. ಮೂರು ಮಾತ್ರೆಯನ್ನು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ಮಾಡುವುದು ಇವರು, ಅನುಭವಿಸುವುದು ಅತ್ತೆಯಂಥವರು.

ಮೆಡಿಕಲ್ಸ್ ಕೌಂಟರ್

ಮುಂದಿನ ಬೈಗುಳ ನಮಗೇ ಬರುತ್ತದೆ ಅಂತ ಗೊತ್ತು, ಅದಕ್ಕೆ ಮೊದಲೇ ಬಂದೆ.

ಕಾನೂನು ಇದೆ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ಔಷಧಿ ಪಟ್ಟಿ ಜಾರಿಯಲ್ಲಿದೆ. ಶುರುವಿನಲ್ಲಿ 46 ಔಷಧಿ ಇದ್ದವು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಲೆವೊಫ್ಲಾಕ್ಸಾಸಿನ್, ಮೆರೊಪೆನೆಮ್, ಟಿಬಿ ಮಾತ್ರೆಗಳು ಎಲ್ಲ ಅದರಲ್ಲಿವೆ. ಇವನ್ನು ಮಾರಿದರೆ ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಎಲ್ಲವನ್ನೂ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಜಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಬರುವುದು ಮಾಮೂಲಿ ಶೆಡ್ಯೂಲ್ ಎಚ್‌ನಲ್ಲಿ. ಅವಕ್ಕೂ ಚೀಟಿ ಬೇಕೇ ಬೇಕು. ಸ್ಟ್ರಿಪ್‌ನ ಎಡಗಡೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೇಳಬೇಡಿ ಅಂತ ಅರ್ಥ. ಆ ಪ್ರಚಾರ 2016ರಲ್ಲಿ ಶುರುವಾಯಿತು. ಕೌಂಟರಿಗೆ ಬರುವವರಲ್ಲಿ ಆ ಗೆರೆ ಗಮನಿಸಿದವರು ಬಹಳ ಕಡಿಮೆ.

ಈಗ ಅಂಗಡಿಯ ಸಂಗತಿ ಕೇಳಿ. ರಾತ್ರಿ ಎಂಟೂವರೆಗೆ ಹಳೇ ಖಾಲಿ ಸ್ಟ್ರಿಪ್ ಹಿಡಿದು ಬರುತ್ತಾರೆ. ‘ಅಣ್ಣ, ಹೋದ ಸಲ ಇದೇ ಕೊಟ್ಟಿದ್ದಿರಿ, ಎರಡು ಕೊಡಿ ಸಾಕು.’ ಚೀಟಿ ಕೇಳಿದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಭೇದಿ ಅಂದರೆ ಬಾಯಲ್ಲಿ ಮೊದಲು ಬರುವುದೇ ಓಫ್ಲಾಕ್ಸಾಸಿನ್-ಓರ್ನಿಡಜೋಲ್ ಜೋಡಿ ಮಾತ್ರೆ. ಓಆರ್‌ಎಸ್ ಪ್ಯಾಕೆಟ್ ಮುಂದಿಟ್ಟರೆ ‘ಉಪ್ಪು ಸಕ್ಕರೆ ಮನೆಯಲ್ಲಿಲ್ವಾ’ ಅಂತ ನಗುತ್ತಾರೆ. ನೀರು ನೀರಾಗಿ ಹೋಗುವ ಭೇದಿಗೆ ಬಹಳ ಸಲ ಅದೇ ಮದ್ದು. ಮಕ್ಕಳಾದರೆ ಜೊತೆಗೆ ಜಿಂಕ್. ರಕ್ತ ಬಿದ್ದರೆ ಮಾತು ಬೇರೆ, ಡಾಕ್ಟರ್ ಹತ್ತಿರ ಹೋಗಬೇಕು.

ಒಂದೇ ಅಂಗಡಿ ನೆಟ್ಟಗಾದರೆ ಆ ಅಂಗಡಿಗೆ ನಷ್ಟ, ಅಷ್ಟೇ. ಕೇರಳದಲ್ಲಿ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಅಂತ ಎಲ್ಲ ಕಡೆ ಒಟ್ಟಿಗೆ ತಪಾಸಣೆ ಶುರು ಮಾಡಿದರು. ಎಲ್ಲರಿಗೂ ಒಂದೇ ನಿಯಮ ಅಂದರೆ ನಮಗೂ ಅನುಕೂಲ.

ಮಂಡಿ ರಸ್ತೆ

ಒಪ್ಪಿದೆ ಅಣ್ಣ. ಎದುರಿನ ಅಂಗಡಿ ಲೆಕ್ಕ ನಮ್ಮ ಮಂಡಿಯಲ್ಲೂ ಅದೇ.

ಡ್ಯೂಟಿ ಡಾಕ್ಟರ್

ಜಿಲ್ಲೆಯಲ್ಲೇ ಕೆಲಸ ಮಾಡುತ್ತೇನೆ, ಎಲ್ಲಿ ಅಂತ ಬೇಡ. ಡಾಕ್ಟರುಗಳ ಮೇಲಿನ ದೂರಿನಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧ ‘ಟೈಫಾಯ್ಡ್ ಪಾಸಿಟಿವ್’ ಅನ್ನುವ ಕಾಗದದಲ್ಲಿದೆ. ನಮ್ಮ ಕಡೆ ಆಂಟಿಬಯಾಟಿಕ್ ಸುಮ್ನೆ ಖರ್ಚಾಗುವ ದೊಡ್ಡ ಬಾಗಿಲು ಇದು. ಯಾರೂ ಮಾತಾಡುವುದಿಲ್ಲ.

ಜ್ವರ ಬಂದ ಎರಡನೇ ದಿನವೇ ವಿಡಾಲ್ ಟೆಸ್ಟ್. ‘1:160, ಪಾಸಿಟಿವ್’. ತಕ್ಷಣ ಸೆಫ್ಟ್ರಿಯಾಕ್ಸೋನ್ ಸೂಜಿ, ಬೆಳಿಗ್ಗೆ ಒಂದು ಸಂಜೆ ಒಂದು, ಜೊತೆಗೆ ಗ್ಲೂಕೋಸ್ ಬಾಟಲಿ. ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ. ಟೈಫಾಯ್ಡ್ ವಾಸಿಯಾಯಿತು ಅಂತ ಮನೆಯವರು ಖುಷಿ. ನಿಜ ಏನೆಂದರೆ ಅದು ವೈರಲ್ ಜ್ವರವಾಗಿದ್ದರೂ ನಾಲ್ಕು ದಿನಕ್ಕೆ ಇಳಿಯುತ್ತಿತ್ತು.

ವಿಡಾಲ್ 1896ರ ಟೆಸ್ಟ್. ಅದು ರೋಗಾಣುವನ್ನು ಹುಡುಕುವುದೇ ಇಲ್ಲ. ಅದರ ವಿರುದ್ಧ ಮೈ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ ಪಾಸಿಟಿವ್ ಬರಬಹುದು. ಬೇರೆ ಜ್ವರದಲ್ಲೂ ಬರಬಹುದು. ನಿಜವಾದ ಟೈಫಾಯ್ಡ್‌ನಲ್ಲಿ ಮೊದಲ ವಾರ ನೆಗೆಟಿವ್ ಬಂದುಬಿಡಬಹುದು, ಆಂಟಿಬಾಡಿ ಏರುವುದಕ್ಕೆ ಸಮಯ ಬೇಕಲ್ವಾ. ಒಂದೇ ಸಲದ ವಿಡಾಲ್ ಇಟ್ಟುಕೊಂಡು ಟೈಫಾಯ್ಡ್ ಅನ್ನುವುದು ಅಂದಾಜಿನ ಮಾತು. ಸರಿಯಾದ ಟೆಸ್ಟ್ ಬ್ಲಡ್ ಕಲ್ಚರ್. ಮೊದಲ ವಾರ, ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ರಕ್ತ ತೆಗೆಯಬೇಕು.

ಇದರ ಬೆಲೆ ಏನು ಗೊತ್ತಾ? ಒಂದು ಕಾಲದಲ್ಲಿ ಟೈಫಾಯ್ಡ್‌ಗೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಸಾಕಿತ್ತು. ಈಗ ನಮ್ಮ ದೇಶದ ಟೈಫಾಯ್ಡ್ ರೋಗಾಣುವಿನ ಮೇಲೆ ಅದನ್ನು ನಂಬುವ ಹಾಗಿಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಅಲ್ಲಿ ಬಾಯಿಂದ ನುಂಗುವ ಔಷಧಿಯಲ್ಲಿ ಉಳಿದದ್ದು ಅಜಿಥ್ರೊಮೈಸಿನ್ ಒಂದೇ. ನಾವು ಅದನ್ನು ಗಂಟಲು ಕೆರೆತಕ್ಕೆಲ್ಲ ನುಂಗಿ ಮುಗಿಸುತ್ತಿದ್ದೇವೆ.

ರೋಗಿಯ ಕಡೆಯಿಂದಲೂ ನೋಡಬೇಕು. ಟೊಮೇಟೊ ಕೀಳುವ ಕೂಲಿಗೆ ಹೋಗುವವರಿಗೆ ಮೂರು ದಿನ ಮಲಗಿ ಅಂದರೆ ಮೂರು ದಿನದ ಕೂಲಿ ಹೋಯಿತು. ಬರೀ ಪ್ಯಾರಸಿಟಮಾಲ್ ಬರೆದರೆ ‘ಈ ಡಾಕ್ಟರಿಗೆ ಏನೂ ಗೊತ್ತಿಲ್ಲ’ ಅಂತ ಮುಂದಿನ ಕ್ಲಿನಿಕ್‌ಗೆ ಹೋಗುತ್ತಾರೆ. ಕಲ್ಚರ್‌ಗೆ ದುಡ್ಡು ಹೊಂದಿಸುವುದೂ ಕಷ್ಟ. ಸೂಜಿ ಬೇಕೇ ಬೇಕು ಅನ್ನುವುದನ್ನು ಬರೀ ಮೌಢ್ಯ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಬಂಗಾರಪೇಟೆ ಲೋಕಲ್

ಡಾಕ್ಟ್ರೇ, ಹಾಗಾದರೆ ಡಾಕ್ಟರ್ ಆಂಟಿಬಯಾಟಿಕ್ ಬರೆದಾಗ ನಾವು ಏನು ಕೇಳಬೇಕು? ಕೇಳಿದರೆ ಕೋಪ ಮಾಡಿಕೊಳ್ಳುತ್ತಾರೆ.

ಡ್ಯೂಟಿ ಡಾಕ್ಟರ್

ಇದು ಬ್ಯಾಕ್ಟೀರಿಯಾ ಅಂತ ಅನ್ನಿಸುತ್ತಿದೆಯಾ, ಕಲ್ಚರ್‌ಗೆ ಕಳಿಸಬೇಕಾ, ಎಷ್ಟು ದಿನ ತೆಗೆದುಕೊಳ್ಳಬೇಕು. ಇಷ್ಟು ಕೇಳಿದರೆ ಕೋಪ ಬರುವ ಡಾಕ್ಟರ್ ಕಡಿಮೆ. ‘ಪವರ್ ಜಾಸ್ತಿ ಇರುವುದು ಬರೆಯಿರಿ’ ಅಂದರೆ ಮಾತ್ರ ನನಗೂ ಕೋಪ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಮೊದಲು ಕೊಡಬಹುದಾದವು, ಎಚ್ಚರ ಬೇಕಾದವು, ಕೊನೆಗೆ ಅಂತ ಕಾಪಾಡಿಕೊಳ್ಳಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಅದು ಸಾಕಾಗುವ ಕಾಯಿಲೆಗೆ ಅದೇ ಒಳ್ಳೆಯದು, ಕಡಿಮೆ ಬೆಲೆಯ ಹಳೇ ಮಾತ್ರೆ ಅಂತ ಮೂಗು ಮುರಿಯಬೇಡಿ.

ಲ್ಯಾಬ್ ಅಕ್ಕ

ಡಾಕ್ಟರ್ ಮಾತಿಗೆ ಒಂದು ಸೇರಿಸುತ್ತೇನೆ. ಸ್ಯಾಂಪಲ್ ಕೊಡುವ ಮೊದಲೇ ಮಾತ್ರೆ ಶುರು ಮಾಡಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ. ಮೂತ್ರವಾದರೆ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದು ಹಿಡಿಯಬೇಕು. ಲ್ಯಾಬ್ ಕೊಟ್ಟ ಬಾಟಲಿಯಲ್ಲೇ ಹಿಡಿಯಿರಿ. ತೊಳೆದ ಟಾನಿಕ್ ಸೀಸೆಯಲ್ಲಿ ತಂದವರನ್ನು ವಾಪಸ್ ಕಳಿಸಿದ್ದೇವೆ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಬೇಸಿಗೆಯಲ್ಲಿ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಒಳಗಿದ್ದದ್ದು ದುಪ್ಪಟ್ಟು ಮೇಲೆ ದುಪ್ಪಟ್ಟು ಆಗಿರುತ್ತದೆ. ಇ. ಕೋಲೈಗೆ ಹದವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ.

ಇನ್ನೊಂದು ವಿಷಯ. ಉರಿ ಇಲ್ಲ, ಜ್ವರ ಇಲ್ಲ, ಸುಮ್ನೆ ಹೆಲ್ತ್ ಚೆಕಪ್‌ನಲ್ಲಿ ವಯಸ್ಸಾದವರ ಕಲ್ಚರ್ ಪಾಸಿಟಿವ್ ಬಂತು ಅಂತ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ಬಸುರಿಯರು, ಮೂತ್ರನಾಳದ ಆಪರೇಷನ್ ಇರುವವರು ಇಂಥವರನ್ನು ಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ಮದ್ದು ಬೇಡ. ಕಾಗದಕ್ಕೆ ಚಿಕಿತ್ಸೆ ಮಾಡಬಾರದು ಅಂತ ನಮ್ಮ ಮೇಡಂ ಹೇಳುತ್ತಿರುತ್ತಾರೆ.

ನಿರ್ವಾಹಕರು

ಆಸ್ಪತ್ರೆ ಹೆಸರು ಹಾಕಿ ಬೈದಿದ್ದ ಕಾಮೆಂಟುಗಳನ್ನು ತೆಗೆದಿದ್ದೇನೆ. ಅನುಭವ ಹೇಳಿ, ಹೆಸರು ಬೇಡ.

ರಾತ್ರಿಪಾಳಿ ಸಿಸ್ಟರ್

ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಐಸಿಯು ಕಥೆಯೇ ಬೇರೆ. ಅಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಬಂದರೆ ಬಹಳ ಸಲ ಮೆರೊಪೆನೆಮ್ ಮುಂದೆಯೂ ಆರ್ ಇರುತ್ತದೆ. ಆಗ ಕೊಲಿಸ್ಟಿನ್ ಹುಡುಕುತ್ತಾರೆ. ಅದು ಕಿಡ್ನಿಗೆ ಪೆಟ್ಟು ಕೊಡುವ ಹಳೇ ಔಷಧಿ. ಬೇರೆ ದಾರಿ ಇಲ್ಲದೆ ಕೊಡುವುದು. ಅಸಿನೆಟೊಬ್ಯಾಕ್ಟರ್ ಅಂತೂ ಒಣಗಿದ ಮಂಚದ ಕಂಬಿಯ ಮೇಲೆ ವಾರಗಟ್ಟಲೆ ಬದುಕಿರುತ್ತದೆ.

ವಾರ್ಡಿನಲ್ಲಿ ದಿನಾ ನೋಡುವುದು ಹೇಳುತ್ತೇನೆ. ಒಬ್ಬರಿಗೆ ಹುಷಾರಿಲ್ಲ ಅಂದರೆ ನೋಡಲು ಟೆಂಪೋದಲ್ಲಿ ಬರುತ್ತಾರೆ. ಬಂದವರು ಹಾಸಿಗೆ ಮೇಲೇ ಕೂರುತ್ತಾರೆ. ಮೂತ್ರದ ಚೀಲ ಎತ್ತಿ ಆ ಕಡೆ ಇಡುತ್ತಾರೆ, ಅದೇ ಕೈಯಲ್ಲಿ ಕಿತ್ತಳೆ ಸುಲಿದು ಪಕ್ಕದ ಮಂಚದ ಅಜ್ಜಿಗೂ ಒಂದು ತೊಳೆ ಕೊಡುತ್ತಾರೆ. ಪ್ರೀತಿಯೇನೋ ಸರಿ, ಆ ಕೈಯಲ್ಲಿ ಏನೇನು ಹೋಯಿತು? ಹಾಸಿಗೆ ಮೇಲೆ ಕೂರಬೇಡಿ ಅಂದರೆ ಸಿಸ್ಟರ್‌ಗೆ ಸೊಕ್ಕು ಅನ್ನುತ್ತಾರೆ.

ನಮ್ಮಲ್ಲೂ ತಪ್ಪಿದೆ. ಗ್ಲೌಸ್ ಹಾಕಿದ್ದೇವೆ ಅಂತ ಅದೇ ಗ್ಲೌಸ್‌ನಲ್ಲಿ ಮೂರು ಮಂಚ ಮುಟ್ಟುವುದು ಬರಿಗೈಗಿಂತ ವಾಸಿಯೇನಲ್ಲ. ಒಬ್ಬ ಸಿಸ್ಟರ್‌ಗೆ ಇಷ್ಟೊಂದು ಮಂಚ ಕೊಟ್ಟರೆ ಪ್ರತಿ ಸಲ ಕೈಗೆ ಸ್ಯಾನಿಟೈಸರ್ ಹಾಕಿ ಉಜ್ಜುವ ಇಪ್ಪತ್ತು ಮೂವತ್ತು ಸೆಕೆಂಡೂ ಸಿಗುವುದಿಲ್ಲ. ಕೈ ತೊಳೆದರೆ ಬಾಣಂತಿಯರ ಸಾವು ಕಡಿಮೆಯಾಗುತ್ತದೆ ಅಂತ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ಅವರ ಮಾತನ್ನೂ ಆಗ ಹೆಚ್ಚಿನ ಡಾಕ್ಟರುಗಳು ಕೇಳಲಿಲ್ಲ.

ಮನೆಯವರಿಗೆ ಒಂದು ಮಾತು. ಮೂತ್ರದ ಟ್ಯೂಬ್ ಇದ್ದರೆ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವ ಕಷ್ಟ ಇಲ್ಲ ಅಂತ ‘ಇನ್ನೆರಡು ದಿನ ಇರಲಿ’ ಅನ್ನುತ್ತಾರೆ. ಬೇಡ. ಟ್ಯೂಬ್ ಇದ್ದಷ್ಟು ದಿನವೂ ಸೋಂಕಿಗೆ ದಾರಿ. ಯಾವಾಗ ತೆಗೆಯುತ್ತೀರಿ ಅಂತ ನೀವೇ ದಿನಾ ಕೇಳಿ.

ಕೆರೆಕೋಡಿ

ಸಿಸ್ಟರ್, ಟ್ಯೂಬ್ ಹಾಕಿಲ್ಲ. ಆದರೆ ಮಂಚದ ಮೇಲೆ ಕೂರುವುದನ್ನು ಇವತ್ತಿಂದ ನಿಲ್ಲಿಸುತ್ತೇವೆ.

ಕೋಲಾರಮ್ಮ ಕೆರೆ

ಎಲ್ಲರೂ ಆಸ್ಪತ್ರೆ, ಮೆಡಿಕಲ್ಸ್ ಅನ್ನುತ್ತಿದ್ದೀರಿ. ಕೆ.ಸಿ. ವ್ಯಾಲಿ ನೀರಿನ ಮಾತು ಯಾಕೆ ಬರುತ್ತಿಲ್ಲ? ಆ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರು ಸಂಸ್ಕರಣೆಯಾಗಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬೀಳುತ್ತಿದೆ. ಅಷ್ಟು ಆಸ್ಪತ್ರೆಗಳ, ಅಷ್ಟು ಮನೆಗಳ ನೀರು. ಔಷಧಿಗೆ ಬಗ್ಗದ ಈ ಸೂಪರ್‌ಬಗ್ ಎಲ್ಲಿಂದ ಬಂತು ಅಂದರೆ ಅಲ್ಲಿಂದಲೇ ಬಂತು!

ಲ್ಯಾಬ್ ಅಕ್ಕ

ಒಂದೇ ಕಡೆ ಬೆರಳು ತೋರಿಸಿದರೆ ಉಳಿದವರು ಪಾರಾಗುತ್ತಾರೆ. ಅತ್ತೆಯವರ ರೋಗಾಣು ಕೆರೆಯಿಂದಲೇ ಬಂತು ಅನ್ನಲು ಆಧಾರ ಇಲ್ಲ. 2018ಕ್ಕೆ ಮೊದಲೂ ಜಿಲ್ಲೆಯಲ್ಲಿ ಇಎಸ್‌ಬಿಎಲ್ ಇತ್ತು.

ನಿಮ್ಮ ಆತಂಕ ಸುಳ್ಳು ಅಂತಲೂ ಹೇಳುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಡೆಯ ಘಟಕಗಳಲ್ಲಿ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸುತ್ತಾರೆ. ಆ ಹಂತದ ಮುಖ್ಯ ಕೆಲಸ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ತೆಗೆಯುವುದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ, ಅವುಗಳ ಜೀನ್ ತೆಗೆಯಲಿಕ್ಕೆ ಅಂತ ಅದನ್ನು ಕಟ್ಟಿದ್ದಲ್ಲ. ಎನ್‌ಡಿಎಂ-1 ಹೆಸರು ಕೇಳಿರಬಹುದು. ಮೆರೊಪೆನೆಮ್ ತರಹದ ಔಷಧಿಯನ್ನೂ ಕತ್ತರಿಸುವ ಕಿಣ್ವ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಹೋದ ರೋಗಿಯಲ್ಲಿ 2008ರಲ್ಲಿ ಸಿಕ್ಕಿತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯ ನೀರನ್ನೇ ಪರೀಕ್ಷೆ ಮಾಡಿದ್ದರು. ನಲ್ಲಿ ನೀರಿನ 50 ಸ್ಯಾಂಪಲ್‌ನಲ್ಲಿ 2ರಲ್ಲಿ, ಬೀದಿಯಲ್ಲಿ ನಿಂತ, ಹರಿಯುವ ನೀರಿನ 171ರಲ್ಲಿ 51ರಲ್ಲಿ ಆ ಜೀನ್ ಇತ್ತು. ನಮ್ಮ ಕೆರೆಗಳ ನೀರನ್ನೂ ಈ ದೃಷ್ಟಿಯಿಂದ ಆಗಾಗ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿ ಅಂತ ಕೇಳುವುದು ನ್ಯಾಯ. ಕೆರೆ ತುಂಬಿ ಬೋರ್‌ವೆಲ್‌ಗೆ ನೀರು ಬಂದದ್ದೂ ನಿಜ, ಅದನ್ನು ರೈತರು ಮರೆಯುವುದಿಲ್ಲ.

ಕೆರೆ ನೀರನ್ನು ನೇರ ಕುಡಿಯಬೇಡಿ, ಕೊತ್ತಂಬರಿ ಸೊಪ್ಪು ಅದರಲ್ಲಿ ತೊಳೆದು ಮಾರುಕಟ್ಟೆಗೆ ಕಳಿಸಬೇಡಿ. ಕುಡಿಯುವ ನೀರು ಚೆನ್ನಾಗಿ ಕುದಿಸಿದರೆ ಎಂಥ ಆರ್ ಇರುವ ಬ್ಯಾಕ್ಟೀರಿಯಾವೂ ಸಾಯುತ್ತದೆ. ಕುದಿಯುವ ನೀರಿನ ಮುಂದೆ ಎಲ್ಲವೂ ಎಸ್.

ಟೊಮೇಟೊ ತೋಟ (ಶ್ರೀನಿವಾಸಪುರ)

ಕೆರೆ ಬಿಡಿ, ನಮ್ಮ ತೋಟಕ್ಕೆ ಬನ್ನಿ. ಗೊಬ್ಬರದ ಅಂಗಡಿಯಲ್ಲಿ 6 ಗ್ರಾಂ ಸ್ಯಾಶೆ ಸಿಗುತ್ತಿತ್ತು, ಸ್ಟ್ರೆಪ್ಟೊಸೈಕ್ಲಿನ್. ಅದರಲ್ಲಿ 90 ಭಾಗ ಸ್ಟ್ರೆಪ್ಟೊಮೈಸಿನ್, 10 ಭಾಗ ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಅಂದರೆ ಟಿಬಿಗೆ ಸಿಕ್ಕ ಮೊದಲ ಪರಿಣಾಮಕಾರಿ ಔಷಧಿ, 1943ರದು. ಅದನ್ನು ನಾವು ಡ್ರಮ್ಮಿಗೆ ಸುರಿದು ಎಲೆಗೆ ಹೊಡೆಯುತ್ತಿದ್ದೆವು.

ಎಲೆ ಚುಕ್ಕೆಗೆ ಹೊಡೆದರೆ ಒಂದು ಮಾತು, ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಎಲೆ ಮುದುಡು ರೋಗಕ್ಕೂ ಹೊಡೆಯುತ್ತಾರೆ! ಅದು ವೈರಸ್, ಬಿಳಿ ನೊಣ ಹರಡುವುದು. ಡಾಕ್ಟರ್ ಹೇಳಿದ ವೈರಲ್ ಜ್ವರದ ಸೂಜಿಗೂ ಇದಕ್ಕೂ ಏನು ವ್ಯತ್ಯಾಸ? ಗಿಡ ಸೊರಗಿದರೆ ಬುಡಕ್ಕೂ ಸುರಿಯುತ್ತಾರೆ. ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕಾಂಡದ ಒಳಗೆ ಕೂತಿರುತ್ತದೆ. ಬುಡಕ್ಕೆ ಸುರಿದದ್ದು ಮಣ್ಣಿನ ಪಾಲು. ಅಂಗಡಿಯವನು ‘ಇದನ್ನೂ ಒಂದು ಸೇರಿಸಿ ಹೊಡಿ’ ಅಂದ, ನಾವು ಹೊಡೆದೆವು. ಬೆಲೆ ಇರುವ ವಾರ ತೋಟ ಹೋದರೆ ಅನ್ನುವ ಭಯ ಯಾರಿಗಿಲ್ಲ?

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೆಳೆಗೆ ಈ ಎರಡೂ ಔಷಧಿ ನಿಲ್ಲಿಸುವ ಕರಡು ಆದೇಶ ತಂದಿತು, ಬಳಕೆಗೆ 2024ರ ಜನವರಿ 1ರ ಗಡುವು ಇಟ್ಟು. ನಮ್ಮ ಕಡೆ ಅದನ್ನು ಕೂತು ವಿವರಿಸಿದವರನ್ನು ನಾನು ನೋಡಲಿಲ್ಲ.

ಅರ್ಕಾ ಅಭಿಮಾನಿ

ದಾರಿ ಇಲ್ಲದೆ ಏನಿಲ್ಲ ಅಣ್ಣ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬೇರೆ ಬೀಜವಾದರೆ 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು ಒಣಗಿಸಿ ಬಿತ್ತಿ. ಬೀಜದ ಜೊತೆ ಬರುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಮಾಡಬೇಡಿ, ಬಿಸಿ ಜಾಸ್ತಿಯಾದರೆ ಮೊಳಕೆಯೇ ಬರುವುದಿಲ್ಲ. ಎಲೆ ಚುಕ್ಕೆಗೆ ತಾಮ್ರದ ಔಷಧಿ ಇದೆ.

ಟೊಮೇಟೊ ತೋಟ (ಶ್ರೀನಿವಾಸಪುರ)

ತಳಿ ಒಳ್ಳೆಯದೇ. ದೂರದ ಮಾರುಕಟ್ಟೆಗೆ ಹೋಗುವ ವ್ಯಾಪಾರಿ ಯಾವ ಕಾಯಿ ಕೇಳುತ್ತಾನೋ ಅದನ್ನೇ ಬೆಳೆಯಬೇಕು ನಾವು. ನೋಡೋಣ, ಒಂದು ಮೂಲೆಗೆ ಹಾಕುತ್ತೇನೆ.

ಕೆಜಿಎಫ್ ಹುಡುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಹೊಸ ಔಷಧಿ ಬರುತ್ತಲೇ ಇರುತ್ತದಲ್ವಾ.

ಡ್ಯೂಟಿ ಡಾಕ್ಟರ್

ಬರುವ ವೇಗ ಸಾಲದು ತಮ್ಮಾ. ನಾವು ಬಳಸುವ ಬಹುತೇಕ ಗುಂಪುಗಳು 1940ರಿಂದ 60ರ ದಶಕದೊಳಗೆ ಸಿಕ್ಕಂಥವು. ಆಮೇಲೆ ಬಂದದ್ದು ಹೆಚ್ಚಾಗಿ ಅದೇ ಗುಂಪಿನ ತಿದ್ದುಪಡಿ. ಚೆನ್ನೈ ಕಂಪನಿ ಆರ್ಕಿಡ್ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್‌ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದು ಇಎಸ್‌ಬಿಎಲ್ ಕಿಣ್ವದ ಕೈ ಕಟ್ಟುವ ಔಷಧಿ, ಹೆಮ್ಮೆಯ ವಿಷಯವೇ. ಎನ್‌ಡಿಎಂ ಮುಂದೆ ಅದರ ಆಟ ನಡೆಯುವುದಿಲ್ಲ. ರೋಗಾಣುವಿನ ವೇಗ ನೋಡು: ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ಸ್ಟಾಫಿಲೊಕಾಕಸ್ ಅನ್ನುವ ರೋಗಾಣು ವರದಿಯಾದದ್ದು 1961ರಲ್ಲಿ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ ಲ್ಯಾನ್ಸೆಟ್ ಪತ್ರಿಕೆಯ ಅಂದಾಜು.

ಬಂಗಾರಪೇಟೆ ಲೋಕಲ್

ಒಂದು ಗೊಂದಲ. ಕೋರ್ಸ್ ಪೂರ್ತಿ ಮುಗಿಸಲೇಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಈಗ ಕಡಿಮೆ ದಿನ ಸಾಕು ಅಂತಲೂ ಓದುತ್ತಿದ್ದೇನೆ. ಯಾವುದು ಸರಿ?

ಡ್ಯೂಟಿ ಡಾಕ್ಟರ್

ಎಷ್ಟೋ ಸೋಂಕಿಗೆ ಹಿಂದಿನ 10 ದಿನದ ಬದಲು 5 ದಿನ ಸಾಕು ಅಂತ ಈಗ ಗೊತ್ತಾಗಿದೆ. ಬೇಡದ ಪ್ರತಿ ದಿನವೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಮೇಲೆ ಹೊಡೆತ. ಆ ದಿನ ಕಡಿಮೆ ಮಾಡುವುದು ಚೀಟಿ ಬರೆಯುವವರ ಕೆಲಸ. ಜ್ವರ ಬಿಟ್ಟಿತು ಅಂತ ನೀವೇ ನಿಲ್ಲಿಸಿ, ಉಳಿದದ್ದನ್ನು ಗೋಡೆ ಬೀರುವಿನಲ್ಲಿ ಇಟ್ಟು, ಮುಂದಿನ ತಿಂಗಳು ನಾದಿನಿಗೆ ಕೊಡುವುದು ಬೇಡ. ಟಿಬಿಯಲ್ಲಿ ಮಾತ್ರ ರಾಜಿಯೇ ಇಲ್ಲ. ಮಾಮೂಲಿ ಟಿಬಿಗೆ 6 ತಿಂಗಳು ಅಂದರೆ 6 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಮಧ್ಯೆ ಬಿಟ್ಟರೆ ಬಗ್ಗದ ಟಿಬಿಯಾಗಿ ತಿರುಗಿ ಮನೆಯವರಿಗೂ ಅದೇ ಹರಡುತ್ತದೆ.

ಎಚ್ಎಫ್ ಹಸು (ಚಿಂತಾಮಣಿ)

ಪಕ್ಕದ ಜಿಲ್ಲೆಯವನು, ನಾನೂ ಹಸು ಸಾಕುವವನು. ಕೊಟ್ಟಿಗೆ ಅಂತ ಅಕ್ಕ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಕೆಚ್ಚಲು ಬಾವು ಬಂದರೆ ಮೊಲೆಯೊಳಗೆ ಟ್ಯೂಬ್ ಏರಿಸುತ್ತೇವೆ. ಅದರಲ್ಲಿರುವುದೂ ಪೆನಿಸಿಲಿನ್, ಸೆಫಲೊಸ್ಪೊರಿನ್ ಗುಂಪಿನದೇ. ಟ್ಯೂಬ್ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆದಿರುತ್ತದೆ. ಅಷ್ಟು ದಿನ ಡೈರಿಗೆ ಹಾಕಬಾರದು. ಕಾಯಿಸಿದರೆ ಹೋಗುತ್ತದೆ ಅನ್ನುವುದು ಸುಳ್ಳು, ಔಷಧಿಯ ಅಂಶ ಬಹುಪಾಲು ಉಳಿಯುತ್ತದೆ.

ಅನುಮಾನ ಇದ್ದರೆ ಆ ಹಾಲಿಗೆ ಹೆಪ್ಪು ಹಾಕಿ ನೋಡಿ. ಮೊಸರು ಸರಿಯಾಗಿ ಕೂರುವುದಿಲ್ಲ, ಬೆಳಿಗ್ಗೆಗೂ ನೀರು ನೀರಾಗಿರುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಔಷಧಿ ತಡೆದಿರುತ್ತದೆ. ಮೊಸರು ಕೂತಿತು ಅಂತ ಹಾಲು ಶುದ್ಧ ಅನ್ನಬೇಡಿ, ಸ್ವಲ್ಪ ಅಂಶ ಇದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ.

ಕೋಳಿ ಫಾರಂನವರು ಬೆಳವಣಿಗೆಗೆ ಅಂತ ಮೇವಿನಲ್ಲಿ ಕೊಲಿಸ್ಟಿನ್ ಕೊಡುತ್ತಿದ್ದರು. ಸಿಸ್ಟರ್ ಹೇಳಿದ ಐಸಿಯು ಕೊನೆಯ ಔಷಧಿ ಅದೇ! 2019ರ ಜುಲೈನಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ಕೇಂದ್ರ ಸರ್ಕಾರ ನಿಷೇಧ ಮಾಡಿತು.

ಮಂಡಿ ರಸ್ತೆ

ಹಾಲು ಚೆಲ್ಲಿ ಅಂತ ಹೇಳುವುದು ಸುಲಭ. ಎರಡೇ ಹಸು ಇರುವವರು ಏನು ಮಾಡಬೇಕು?

ಎಚ್ಎಫ್ ಹಸು (ಚಿಂತಾಮಣಿ)

ಅದೇ ಕಷ್ಟ ಅಣ್ಣ. ಬಾವು ಬರದ ಹಾಗೆ ನೋಡಿಕೊಂಡರೆ ಮಾತ್ರ ಉಳಿತಾಯ. ಕರೆದ ಮೇಲೆ ಮೊಲೆ ತೂತು ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಆಗ ಹಸು ಸಗಣಿ ಮೇಲೆ ಮಲಗಿದರೆ ಬಾವು ಖಾತ್ರಿ. ಕರೆದ ತಕ್ಷಣ ಮೇವು ಹಾಕಿ, ನಿಂತು ತಿನ್ನುತ್ತದೆ. ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ.

ಶುರುವಿನ ಬಾವಿಗೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ)ಯವರು ಹೇಳಿಕೊಡುವ ಲೇಪ ಇದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿದರೆ ಕೆಂಪಗಾಗುತ್ತದೆ. ಹಾಲು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ನೀರು ಬೆರೆಸಿ ದಿನಕ್ಕೆ ಹಲವು ಸಲ ಹಚ್ಚಬೇಕು, 5 ದಿನ.

ಕೆರೆಕೋಡಿ

ನಮ್ಮ ಕೊಟ್ಟಿಗೆಯಲ್ಲೂ ಒಂದಕ್ಕೆ ಪದೇ ಪದೇ ಬಾವು. ಟ್ಯೂಬ್ ನಾವೇ ತಂದು ಏರಿಸುತ್ತಿದ್ದೆವು. ಲೇಪ ಒಂದೇ ಸಾಕಾ?

ಎಚ್ಎಫ್ ಹಸು (ಚಿಂತಾಮಣಿ)

ಪದೇ ಪದೇ ಅಂದರೆ ಸಾಲದು. ಹಾಲಿನಲ್ಲೂ ಕಲ್ಚರ್ ಮಾಡುತ್ತಾರೆ, ಮನುಷ್ಯರದ್ದೇ ತರಹ ಎಸ್, ಆರ್ ಬರುತ್ತದೆ. ಟ್ಯೂಬ್ ಏರಿಸುವ ಮೊದಲು ಆ ಮೊಲೆಯ ಹಾಲನ್ನು ಶುದ್ಧ ಬಾಟಲಿಯಲ್ಲಿ ಹಿಡಿದು ಪಶು ಡಾಕ್ಟರಿಗೆ ಕೊಡಿ. ಹಸುವಿಗೆ ಜ್ವರ ಇದ್ದು ಮೇವು ಬಿಟ್ಟಿದ್ದರೆ ಲೇಪ ಹಚ್ಚುತ್ತಾ ಕೂರಬೇಡಿ. 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ.